ಎರಡು ಮೊಣಕಾಲಿನ ರೇಟು

3 ಫೆಬ್ರವರಿ 2025, ಬೆಳಿಗ್ಗೆ

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಈ ಪ್ರಾಯದಲ್ಲಿ ಡೈರಿ ಎಂತಕ್ಕೆ? ಶೇರು ಬಿದ್ದದ್ದು ನೋಡಿ ಮೊಬೈಲಿಗೆ ಬೊಬ್ಬೆ ಹೊಡೆದೆ. ಬಿ.ಪಿ. ಏರಿತು. ದಿನಾ ಬಿ.ಪಿ. ಬರೆದಿಡಿ ಎಂದರು ಡಾಕ್ಟರು. ಬೊಬ್ಬೆಯನ್ನೂ ಅದರಲ್ಲೇ ಬರೆಯಿರಿ ಎಂದಳು ಹೆಂಡತಿ ಬೀಪಾತುಮ್ಮ.

ಸರಿ. ಬಿ.ಪಿ. 160. ಬಲೆ ಕಂಪೆನಿ ಶೇರು 546.

4 ಫೆಬ್ರವರಿ

531.

ಕಾಸರಗೋಡಿನಲ್ಲಿ ಮೀನಿನ ಬಲೆ, ಹಗ್ಗ ಮಾರಿಯೇ ತಲೆ ಬೆಳ್ಳಗಾದದ್ದು. ಈ ಕಂಪೆನಿಯ ಬಲೆ ಬೇಗ ಹರಿಯುವುದಿಲ್ಲ. ಶೇರೂ ಹಾಗೆಯೇ ಎಂದುಕೊಂಡೆ. ಐನೂರು ಶೇರು ತೆಗೆದೆ, 420ರ ಹಾಗೆ. ಹೋದ ಸೆಪ್ಟೆಂಬರಿನಲ್ಲಿ 840ಕ್ಕೆ ಏರಿತು. ಅದೇ ಟಾಪ್.

ಬೀಪಾತುಮ್ಮನ ಎರಡೂ ಮೊಣಕಾಲು ಸವೆದಿದೆ. ಒಂದರ ಆಪರೇಶನ್‌ಗೆ ಎರಡು ಲಕ್ಷ ಹತ್ತು ಸಾವಿರ. 840ರಲ್ಲಿ ಮಾರಿದ್ದರೆ ಸರಿಯಾಗಿ ಎರಡು ಕಾಲು. ಮಾರು ಎಂದೆ. ತಂಗಿಯ ಮಗ ಇರ್ಷಾದ್ ಕೇಳಲಿಲ್ಲ. ಖಾತೆ ನನ್ನ ಹೆಸರಲ್ಲಿ, ಮಾರುವ ಆಪ್ ಅವನ ಮೊಬೈಲಿನಲ್ಲಿ, ಅವನು ಶಾರ್ಜಾದಲ್ಲಿ. ಸಾವಿರ ಮುಟ್ಟುತ್ತದೆ ಮಾಮ, ಕಾಯಿರಿ ಎಂದ.

ಕಾದೆ...

7 ಫೆಬ್ರವರಿ

504. ಬಿ.ಪಿ. ನೋಡಲಿಲ್ಲ.

ಇರ್ಷಾದ್‌ಗೆ ಫೋನ್ ಮಾಡಿದೆ.

"ಮಾಮ, ನಾವು ತೆಗೆದದ್ದು 420ಕ್ಕೆ. ಈಗಲೂ ಲಾಭವೇ ಅಲ್ವಾ? ಟೆನ್ಶನ್ ಎಂತಕ್ಕೆ?"

"ನಿನ್ನ ಮಾಮಿಯ ಮೊಣಕಾಲು ಶೇರು ತೆಗೆದ ರೇಟಿನಲ್ಲಿ ನಿಂತದ್ದಲ್ಲ ಮಾರಾಯ. ಟಾಪಿನಿಂದ ಅಳೆ."

ಟಾಪಿನಿಂದ 336 ಇಳಿದಿದೆ. ಅದನ್ನು ಈಗಿನ 504ರಿಂದ ಭಾಗಿಸಿದೆ. ನೂರಕ್ಕೆ ಅರುವತ್ತೇಳು ಹೋಯಿತು ಎಂದು ಬೊಬ್ಬೆ ಹೊಡೆದೆ. ಅವನು ನಗಾಡಿದ. ಫೋನ್ ಕಟ್ ಮಾಡಿದೆ.

9 ಫೆಬ್ರವರಿ, ಆದಿತ್ಯವಾರ

ಶೇರು ಬಜಾರಿಗೆ ರಜೆ. ಬಿ.ಪಿ. 140.

ಮೊಮ್ಮಗಳು ಹಿಬಾ ಬಂದಿದ್ದಳು. ಬಿ.ಕಾಂ. ಓದುತ್ತಾಳೆ. ನನ್ನ ಲೆಕ್ಕ ನೋಡಿದಳು.

"ಉಪ್ಪಾಪ, ಟಾಪಿನಿಂದ ಅಳೆಯುವುದಾದರೆ ಟಾಪಿನಿಂದಲೇ ಭಾಗಿಸಬೇಕು. ಬಿದ್ದದ್ದು ನೂರಕ್ಕೆ ನಲವತ್ತು."

ಹಾಗಾದರೆ ನನ್ನ ಅರುವತ್ತೇಳು ಎಂತದ್ದು? ವಾಪಸು ಟಾಪಿಗೆ ಹೋಗಬೇಕಾದರೆ ಈಗಿನ ರೇಟು ಏರಬೇಕಾದದ್ದು ಅಷ್ಟಂತೆ. ಇಳಿದದ್ದು ನಲವತ್ತು, ಹತ್ತಲಿಕ್ಕೆ ಅರುವತ್ತೇಳು — ಇದನ್ನು ಇರ್ಷಾದ್ ಹೇಳಲೇ ಇಲ್ಲ. ಹತ್ತುವುದು ಯಾವಾಗಲೂ ಕಷ್ಟ ಎಂದೆ.

ಬೀಪಾತುಮ್ಮ ಕುರ್ಚಿಯಲ್ಲಿ ಕೂತು ನಮಾಜು ಮುಗಿಸಿದ್ದಳು. "ನನಗೆ ಇಳಿಯುವುದೇ ಕಷ್ಟ. ಕಾಲು ಸರಿ ಇರುವವರು ಮೆಟ್ಟಿಲಿನ ವಿಷಯ ಮಾತಾಡಬೇಡಿ."

ಹಿಬಾ ಬಾಯಿಗೆ ಶಾಲು ಒತ್ತಿಕೊಂಡಳು.

13 ಫೆಬ್ರವರಿ

470. ಟಾಪಿನಿಂದ ನಲವತ್ತನಾಲ್ಕು. ಈ ಸಲ ಸರಿಯಾಗಿ ಭಾಗಿಸಿದ್ದೇನೆ.

ಇರ್ಷಾದ್ ಫೋನ್ ಎತ್ತುವುದಿಲ್ಲ. ವಾಯ್ಸ್ ಕಳಿಸಿದ್ದಾನೆ. ಕಂಪೆನಿಯ ರಿಸಲ್ಟ್ ಬರಲಿ, 420ರ ಮೇಲೆ ಇರುವಷ್ಟು ದಿನ ಹೆದರಬೇಡಿ ಅಂತ. 420 ಎಂದರೆ ನೂರಕ್ಕೆ ಐವತ್ತು ಬಿದ್ದ ಹಾಗೆ. ಸರಿಯಾಗಿ ಒಂದು ಕಾಲು. ಅದರ ಕೆಳಗೆ ಹೋದರೆ ಒಂದೂ ಇಲ್ಲ.

ನಾನೇ ಮಾರುವ ಹಾಗೆ ಆಗಲಿ ಎಂದು ಖಾತೆಗೆ ನನ್ನ ಮೊಬೈಲ್ ನಂಬರ್ ಹಾಕಿಸಲು ಅರ್ಜಿ ಕೊಟ್ಟು ಬಂದೆ. ಎರಡು ವಾರ ಬೇಕಂತೆ.

19 ಫೆಬ್ರವರಿ, ಸಂಜೆ

ಐದು ದಿನ ಬರೆಯಲಿಲ್ಲ. ಬಚ್ಚಲಿನ ಮೆಟ್ಟಿಲು ಇಳಿಯುವಾಗ ಬೀಪಾತುಮ್ಮ ಬಿದ್ದಳು. ಎಲುಬು ಮುರಿಯಲಿಲ್ಲ, ಅಲ್ಲಾಹನ ದಯೆ. ಬಲಗಾಲು ನೀರು ತುಂಬಿದ ಹಾಗೆ ಊದಿದೆ. ಇನ್ನು ತಡ ಮಾಡಬಾರದು ಎಂದರು ಡಾಕ್ಟರು.

ಶೇರು 438. ನಲವತ್ತೆಂಟು.

ಎರಡು ಕಾಲಿನ ರೇಟು ನೋಡಿದ ಮೇಲೆ ಒಂದು ಕಾಲಿಗೆ ಮಾರುವುದು ಹೇಗೆ ಎಂದೆ. ಅವಳು ಕಾಲಿಗೆ ಎಣ್ಣೆ ಹಚ್ಚುತ್ತಾ ಇದ್ದಳು.

"ಒಂದು ಸಾಕು. ಇನ್ನೊಂದು ನಿಮ್ಮ ಟಾಪಿನಲ್ಲಿಯೇ ಇರಲಿ."

ಆಯಿತು. ಟಾಪಿನ ಲೆಕ್ಕ ಇಲ್ಲಿಗೆ ಮುಗಿಯಿತು. ಇನ್ನು ಬರೆಯುವುದಿಲ್ಲ.

ಹಿಬಾನ ಹತ್ತಿರ ಟೈಪ್ ಮಾಡಿಸಿ ಇರ್ಷಾದ್‌ಗೆ ಕಳಿಸಿದ್ದು ಇಷ್ಟೇ. ಇಲ್ಲಿಯೂ ಬರೆದಿಡುತ್ತೇನೆ, ಆಮೇಲೆ ಸಿಗಲಿಲ್ಲ ಎನ್ನಬಾರದು:

ಐನೂರೂ ಮಾರು. ಸಿಕ್ಕಿದ ರೇಟಿಗೆ. ಬುದ್ಧಿ ಹೇಳಬೇಡ, ವಾಯ್ಸ್ ಕಳಿಸಬೇಡ. ಮಾರುತ್ತೀಯೋ ಇಲ್ಲವೋ — ಇಪ್ಪತ್ತೊಂದನೇ ತಾರೀಕು, ಶುಕ್ರವಾರ, ಜುಮಾ ನಮಾಜಿಗೆ ಮೊದಲು ಉತ್ತರ ಬೇಕು.