ನೀವು ಉಳಿತಾಯ ಮಾಡಿದ ಒಂದು ಸಾಲು

ಪ್ರಕಟಣಾ ವಿಭಾಗದ ಮಾನ್ಯ ನಿರ್ದೇಶಕರೇ,

ಹಸ್ತಪ್ರತಿಯಲ್ಲಿ ಖಾಲಿ ಜಾಗ ಕಂಡರೆ ನಿಮಗೆ ಮೈ ಉರಿಯುತ್ತದೆಂದು ಗೊತ್ತಿತ್ತು. ಆ ಉರಿಗೆ ಹಾಸ್ಟೆಲೊಂದರ ಅಡುಗೆಯಮ್ಮನ ಕೈ ಬಲಿಯಾಗಿದೆ. ಇದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಕಚೇರಿಗೆ ಬರೆದ ಪತ್ರಗಳನ್ನು ತಾವು ಓದಿದ ಲಕ್ಷಣ ಕಾಣಲಿಲ್ಲ.

ನನ್ನ ದೊಡ್ಡಮ್ಮ ಆಯುಷ್ಯವೆಲ್ಲ ಸುಟ್ಟಗಾಯದ ವಾರ್ಡಿನಲ್ಲಿ ನರ್ಸಾಗಿದ್ದವರು. ಶಾಲೆ, ಹಾಸ್ಟೆಲುಗಳಿಗೆಂದು ಪ್ರಥಮ ಚಿಕಿತ್ಸೆಯ ಪುಟ್ಟ ಪುಸ್ತಕ ಬರೆದರು. ಟೈಪ್ ಮಾಡಿದವಳು ನಾನು. ಪೂರ್ಣವಿರಾಮದ ನಂತರ ಎರಡು ಸ್ಪೇಸ್ ಬಿದ್ದಿವೆ ಎಂದು ಮೊದಲ ಸಲ ವಾಪಸ್ ಕಳಿಸಿದಿರಿ. ಪ್ಯಾರಾದ ಮೊದಲ ಸಾಲು ಒಳಕ್ಕೆ ಸರಿದಿಲ್ಲ ಎಂದು ಇನ್ನೊಮ್ಮೆ. ತಿದ್ದಿದೆವು. ಒಳಗೆ ಏನು ಬರೆದಿದೆ ಎಂದು ಮಾತ್ರ ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಅಂಥ ಕ್ಷುಲ್ಲಕ ವಿಷಯಕ್ಕೆ ಪುರುಸೊತ್ತೆಲ್ಲಿ?

ಆಮೇಲೆ ಬಂತು ತಮ್ಮ ಸುತ್ತೋಲೆ: ಕಾಗದದ ಮಿತವ್ಯಯಕ್ಕಾಗಿ ಖಾಲಿ ಸಾಲುಗಳನ್ನೂ ಒಂದೇ ಪದದ ಸಾಲುಗಳನ್ನೂ ತೆಗೆದುಹಾಕತಕ್ಕದ್ದು. ದೊಡ್ಡಮ್ಮ ಗಾಬರಿಯಾಗಿ ಫೋನ್ ಮಾಡಿದರು. ನಿಮ್ಮ ಗುಮಾಸ್ತರು, "ಒಂದು ಪದಕ್ಕೆ ಒಂದು ಸಾಲು ಯಾಕಮ್ಮಾ? ಪೇಪರ್ ದಂಡ ಅಲ್ವಾ?" ಎಂದರು.

"ಆ ಪದ ಹೋದ್ರೆ ಪುಸ್ತಕಾನೇ ದಂಡ ಕಣಪ್ಪ," ಎಂದರು ದೊಡ್ಡಮ್ಮ.

"ಸಾಹೇಬ್ರ ಆರ್ಡರ್ ಅಮ್ಮಾ," ಎಂದು ಫೋನ್ ಇಟ್ಟರು.

ಆ ಪದ ‘ಮಾಡಬಾರದ್ದು’. ಪ್ರತಿ ಪುಟದಲ್ಲೂ ಮೇಲೆ ‘ಮಾಡಬೇಕಾದದ್ದು’ ಎಂಬ ಪಟ್ಟಿ, ಜಾಗ ಬಿಟ್ಟು ಕೆಳಗೆ ‘ಮಾಡಬಾರದ್ದು’ ಎಂಬ ಪಟ್ಟಿ. ಎರಡೂ ಶೀರ್ಷಿಕೆ ಕಿತ್ತು, ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ ಅಚ್ಚು ಹಾಕಿಸಿದಿರಿ. ಸುಟ್ಟಗಾಯದ ಪುಟ ಈಗ ಹೀಗಿದೆ: ‘ತಣ್ಣೀರು ಸುರಿಯುವುದು. ಉಂಗುರ ತೆಗೆಯುವುದು. ಗುಳ್ಳೆ ಒಡೆಯುವುದು. ಟೂತ್‌ಪೇಸ್ಟ್ ಹಚ್ಚುವುದು.’ ಎಂಥ ಅಚ್ಚುಕಟ್ಟು! ಒಂದು ಸ್ಪೇಸೂ ಹೆಚ್ಚಿಲ್ಲ.

ಅಡುಗೆಯಮ್ಮ ಕೈಮೇಲೆ ಕುದಿಯುವ ನೀರು ಚೆಲ್ಲಿಕೊಂಡು, ಅಷ್ಟನ್ನೂ ಚಾಚೂ ತಪ್ಪದೆ ಮಾಡಿದರು. ಕೈಯಲ್ಲಿ ಕೀವು ತುಂಬಿದಾಗ ದೊಡ್ಡಮ್ಮನ ಬಳಿಗೇ ಬಂದರು. "ನಿಮ್ಮ ಪುಸ್ತಕ ನೋಡ್ಕೊಂಡೇ ಮಾಡಿದ್ದು ಸಿಸ್ಟರ್. ನಾನೆಲ್ಲಿ ತಪ್ಪು ಮಾಡಿದೆ?" ಎಂದು ಕೇಳಿದರು. ದೊಡ್ಡಮ್ಮ ಗಾಯಕ್ಕೆ ಬಟ್ಟೆ ಕಟ್ಟುತ್ತ ಅತ್ತುಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಮುಖಪುಟದ ಮೇಲಿರುವುದು ಅವರ ಹೆಸರು, ನಿಮ್ಮದಲ್ಲ.

ದೂರಿಗೆ ನಿಮ್ಮ ಕಚೇರಿಯ ಉತ್ತರ: ‘ಮುಂದಿನ ಮುದ್ರಣದಲ್ಲಿ ಪರಿಶೀಲಿಸಲಾಗುವುದು.’ ಅಲ್ಲಿಯವರೆಗೆ ಯಾರೂ ಸುಟ್ಟುಕೊಳ್ಳಬಾರದೆಂದು ಇನ್ನೊಂದು ಸುತ್ತೋಲೆ ಹೊರಡಿಸುತ್ತೀರಾ?

ಎಲ್ಲ ಪ್ರತಿಗಳನ್ನೂ ಈ ವಾರವೇ ವಾಪಸ್ ತರಿಸಿ. ಅಡುಗೆಯಮ್ಮನಿಗೂ ದೊಡ್ಡಮ್ಮನಿಗೂ ಒಂದೊಂದು ಪತ್ರ ಬರೆಯಿರಿ. ವಿವರಣೆ ಬೇಡ, ‘ಕ್ಷಮಿಸಿ’ ಎಂದರೆ ಸಾಕು. ಆ ಪದಕ್ಕೆ ಒಂದು ಇಡೀ ಸಾಲು ಕೊಡಿ, ಮೇಲೂ ಕೆಳಗೂ ಜಾಗ ಬಿಟ್ಟು.

ಇಂತಿ,
ಸಿಕ್ಕ ಪ್ರತಿಗಳಲ್ಲೆಲ್ಲ ಪೆನ್ನು ಹಿಡಿದು ‘ಮಾಡಬಾರದ್ದು’ ಎಂದು ಬರೆಯುತ್ತಿರುವ ಟೈಪಿಸ್ಟ್