ಖಾಲಿ ಬಿಟ್ಟ ಅಕ್ಷರ

ಜೂನ್ 3, ಮಂಗಳವಾರ

ಬಂದ್ಯೋಡಿನಿಂದ ಏಳೂವರೆಯ ಬಸ್ಸು. ಬದಿಯಡ್ಕದ ಸಹಕಾರಿ ಸಂಘಗಳ ಒಕ್ಕೂಟದ ಕಚೇರಿಯಲ್ಲಿ ಇಂದಿಗೆ ನೂರ ಎಂಬತ್ತನೆಯ ಪ್ರೋಗ್ರಾಂ. ಹಳೆಯ ಮೈನ್‌ಫ್ರೇಮ್ ಕಂಪ್ಯೂಟರ್ ತಿಂಗಳ ಕೊನೆಗೆ ಬಂದ್. ಸಂಘಗಳ ಸದಸ್ಯರ ದಾಖಲೆಯೆಲ್ಲ ವೆಬ್‌ಸೈಟಿಗೆ. ಅದರ ಕೋಬಾಲ್ ಪ್ರೋಗ್ರಾಂಗಳನ್ನು ಬರೆದವರಲ್ಲಿ ಉಳಿದವನು ನಾನೊಬ್ಬ — ಮ್ಯಾನುವಲ್ ಓದಿ ಓದಿ ಕಲಿತವನು. ಕಂಪೆನಿಯ ಹುಡುಗಿ ಮೋಕ್ಷಿತಾ ಒಂದೊಂದೇ ತೆರೆಯುತ್ತಾಳೆ. ಹೊಸದಕ್ಕೆ ಅದು ಬೇಕೋ ಬೇಡವೋ, ನಾನು ಹೇಳಬೇಕು.

"ಅಜ್ಜ, ಇದು ಎಂತದ್ದು?"

"ಪಾಸ್‌ಬುಕ್ ಪ್ರಿಂಟ್."

"ಇನ್ನು ಪಾಸ್‌ಬುಕ್ಕೇ ಇಲ್ವಲ್ಲ. ಎಲ್ಲ ಮೊಬೈಲಲ್ಲಿ."

"ಹಾಗಾದ್ರೆ ಬಿಡು ಮಗಾ."

'ಬೇಡ' ಎಂದು ಬರೆದು ಸೈನ್ ಹಾಕಿದೆ. ಚಹಾಕ್ಕೆ ಗೋಳಿಬಜೆ ಅವಳೇ ತರಿಸಿದಳು.

ಜೂನ್ 30, ಸೋಮವಾರ

ಸ್ವಿಚ್ ನನ್ನ ಕೈಯಲ್ಲೇ ಆಫ್ ಮಾಡಿಸಿದರು. ಚಪ್ಪಾಳೆ. ಫೋಟೋ.

ಜುಲೈ 8, ಮಂಗಳವಾರ, ಮಧ್ಯಾಹ್ನ 3

ಅಂಗಿಯಲ್ಲಿ ರಕ್ತ. ನನ್ನದಲ್ಲ.

ಹೊಸ ವ್ಯವಸ್ಥೆ ತೋರಿಸಲು ನಾನೂ ಮೋಕ್ಷಿತಾಳೂ ಪೈವಳಿಕೆ ಸಂಘಕ್ಕೆ ಹೋಗಿದ್ದೆವು. ಮೊದಲು ತೆರೆದದ್ದು ತೀರಿಹೋದ ಸದಸ್ಯ ಚೆನ್ನಪ್ಪಣ್ಣನ ದಾಖಲೆ: ಸಂಘ ಕೊಟ್ಟ ಜಾಗ, ಮನೆ. ಇಪ್ಪತ್ತು ವರ್ಷದಿಂದ ಅಲ್ಲಿ ಇದ್ದು ದುಡಿಯುವವನು ಅವರ ಅಕ್ಕನ ಮಗ ಲೋಕಯ್ಯ. ಹೊಸ ಸ್ಕ್ರೀನಿನಲ್ಲಿ ವಾರಸುದಾರ — ಮಗ. ಆ ಮಗ, ಯತಿನ್, ದುಬೈಯಿಂದ ಬಂದವನು, ಲೋಕಯ್ಯನ ಎದುರು ಮೊಬೈಲ್ ಎತ್ತಿ ಹಿಡಿದು ನಿಂತಿದ್ದ.

"ಸರಿ ನೋಡು ಮಾರಾಯ. ಹದಿನೈದು ದಿನ. ಪಾತ್ರೆ ಕಟ್ಟಿಕೊಂಡು ಹೊರಡು."

"ಮಾವ ನನಗೇ ಬರೆಸಿದ್ದು. ಪಾಸ್‌ಬುಕ್ ಉಂಟು."

ಲೋಕಯ್ಯ ಪ್ಲಾಸ್ಟಿಕ್ ಚೀಲ ಬಿಚ್ಚಿ ಕೊಟ್ಟ. ಯತಿನ್ ಓದಲಿಲ್ಲ. ಹರಿದ. ಮಡಚಿ ಮತ್ತೆ ಹರಿದ. ಮುಖಕ್ಕೆ ಎಸೆದ.

"ತಿನ್ನು."

ಲೋಕಯ್ಯ ತೋಟದಿಂದ ನೇರ ಬಂದವನು, ಸೊಂಟದಲ್ಲಿ ಕತ್ತಿ. ಎಳೆದು ಬೀಸಿದ. ಯತಿನ್ ಬಲಗೈ ಅಡ್ಡ ಹಿಡಿದ. ಮೂರು ಬೆರಳು ಕೌಂಟರಿನ ಮೇಲೆ... ಲೋಕಯ್ಯ ಮತ್ತೆ ಬೀಸಿದ. ಗೋಡೆಗೆ ತಾಗಿತು. ಮೋಕ್ಷಿತಾಳ ಕೂದಲಿನವರೆಗೆ ರಕ್ತ ಚಿಮ್ಮಿತ್ತು. ಹೆಗಲ ಮೇಲಿನ ಬೈರಾಸಿನಿಂದ ಯತಿನ್‌ನ ಕೈ ಬಿಗಿದೆ. ಬಿಗಿದಷ್ಟೂ ಬಿಸಿಯಾಗಿ ಹರಿಯುತ್ತಿತ್ತು.

ಜುಲೈ 9, ಬುಧವಾರ

ಲೋಕಯ್ಯ ಲಾಕಪ್ಪಿನಲ್ಲಿ. ಯತಿನ್‌ನ ಕಡೆಯವರು ಹಾಡಹಗಲೇ ಲೋಕಯ್ಯನ ಮನೆಗೆ ನುಗ್ಗಿದರು. ಹಂಚು, ಬಾಗಿಲು, ಪಂಪ್ — ಎಲ್ಲ ಪುಡಿ. ನಾಯಿಯನ್ನು ಹಾರೆಯಿಂದ ಹೊಡೆದು ಕೊಂದರು. ಅವನ ಹೆಂಡತಿ ಪಂಕಜಾಕ್ಷಿಯ ಹಣೆಗೆ ಕಲ್ಲು. ಆರು ಹೊಲಿಗೆ.

ಜುಲೈ 11, ಶುಕ್ರವಾರ

ತಂಗಿ ಹರಿಣಾಕ್ಷಿಗೆ ಪತ್ರ ಬರೆಯಲು ಕುಳಿತೆ. ಆಗಲಿಲ್ಲ. ಇಲ್ಲೇ ಬರೆಯುತ್ತೇನೆ.

ಟ್ರಂಕಿನಿಂದ ನನ್ನ ಹಳೆಯ ಪ್ರಿಂಟ್‌ಔಟ್ ತೆಗೆದೆ. ಪಾಸ್‌ಬುಕ್ ಪ್ರೋಗ್ರಾಂ. ವಾರಸುದಾರನಿಗೆ ಒಂದೇ ಅಕ್ಷರದ ಜಾಗ ಇಟ್ಟಿದ್ದೆ. ಮಗನಾದರೆ ಒಂದು ಅಕ್ಷರ, ಹೆಂಡತಿಗೆ ಇನ್ನೊಂದು. ಖಾಲಿ ಇದ್ದರೆ ಅಕ್ಕತಂಗಿಯರ ಮಗ. ಆ ಕಾಲದಲ್ಲಿ ಅಳಿಯಸಂತಾನದ ನಮ್ಮಲ್ಲಿ ಹೆಚ್ಚಿನವರು ಬರೆಸುತ್ತಿದ್ದದ್ದು ಸೋದರಳಿಯನಿಗೇ. ಎಲ್ಲರದ್ದೂ ಟೈಪ್ ಮಾಡುವುದು ಯಾಕೆ ಎಂದು ಖಾಲಿ ಬಿಟ್ಟೆ. ಖಾಲಿಯ ಅರ್ಥ ಹೇಳುವ ಸಾಲು ಈ ಪ್ರೋಗ್ರಾಮಿನಲ್ಲಿ ಮಾತ್ರ. ಇದೇ ಪ್ರೋಗ್ರಾಮಿಗೆ ನಾನು 'ಬೇಡ' ಎಂದು ಸೈನ್ ಹಾಕಿದ್ದು.

ಮೋಕ್ಷಿತಾಳಿಗೆ ಫೋನ್ ಮಾಡಿದೆ.

"ಖಾಲಿ ಇದ್ದಲ್ಲಿ ನಾವು ಮಗ ಅಂತ ಹಾಕಿದ್ದು ಅಜ್ಜ. ಮತ್ತೆ ಎಂತ ಹಾಕುದು?" ಅಳುತ್ತಿದ್ದಳು. "ಆ ಪ್ರೋಗ್ರಾಂ ಬೇಡ ಅಂತ ಹೇಳಿದ್ದು ಯಾರು ಅಂತ ಕಂಪೆನಿಯವರು ಕೇಳ್ತಾ ಇದ್ದಾರೆ. ನಿಮ್ಮ ಹೆಸರು ಹೇಳ್ಲಿಲ್ಲ."

"ಹೇಳು ಮಗಾ. ಸೈನ್ ನನ್ನದೇ ಅಲ್ವಾ."

ಇಂಥ ಖಾಲಿಗಳು ಇನ್ನೆಷ್ಟು ಎಂದು ಕೇಳಿದೆ. ಮುನ್ನೂರ ಹನ್ನೆರಡು.

ಜುಲೈ 29, ಮಂಗಳವಾರ

ಸಂಘದ ಸಭೆ. ಹೋಗಬೇಡಿ ಎಂದು ನಿನ್ನೆ ಯತಿನ್‌ನ ಕಡೆಯ ಇಬ್ಬರು ಬಂದು ಹೇಳಿ ಹೋಗಿದ್ದರು. ಹೇಳುವಾಗ ಒಬ್ಬ ನನ್ನ ಕನ್ನಡಕ ತೆಗೆದು ಚಪ್ಪಲಿಯಡಿ ಹಾಕಿದ. ಹಳೆಯದೊಂದನ್ನು ಹಾಕಿಕೊಂಡು ಹೋದೆ.

ಪ್ರಿಂಟ್‌ಔಟ್ ಮೇಜಿನ ಮೇಲೆ ಬಿಡಿಸಿದೆ. ತಪ್ಪು ಹುಡುಗಿಯದ್ದಲ್ಲ, ನನ್ನದು ಎಂದೆ.

"ಅವತ್ತೇ ಯಾಕೆ ಹೇಳ್ಲಿಲ್ಲ?" ಸೆಕ್ರೆಟರಿ ಈಶ್ವರಪ್ರಸಾದರು ಕೇಳಿದರು.

"ಮರೆತಿದ್ದೆ."

ಯಾರೋ ನಕ್ಕರು. ಪಂಕಜಾಕ್ಷಿ ನಗಲಿಲ್ಲ. ಮುನ್ನೂರ ಹನ್ನೆರಡನ್ನೂ ಸರಿ ಮಾಡಲು ಒಪ್ಪಿಗೆ ಆಯಿತು. ಚೆನ್ನಪ್ಪಣ್ಣನದು ಮೊದಲು. ಮನೆ ಲೋಕಯ್ಯನದು. ಅವನು ಜೈಲಿನಲ್ಲಿ.

ಯತಿನ್ ಎದ್ದು ಬಂದು ಬ್ಯಾಂಡೇಜಿನ ಕೈಯನ್ನು ನನ್ನ ಮೂಗಿನ ಹತ್ತಿರ ಹಿಡಿದ.

"ಇದನ್ನು ಯಾವಾಗ ಸರಿ ಮಾಡ್ತೀರಿ ಅಜ್ಜ?"

ಪ್ರಿಂಟ್‌ಔಟ್ ಮಡಚಿ ಚೀಲಕ್ಕೆ ಹಾಕಿದೆ. 

ಜುಲೈ 30, ಬುಧವಾರ, ಬೆಳಿಗ್ಗೆ 9.20

ಅಂಗಳಕ್ಕೆ ಜೀಪ್ ಬಂತು. ನಾಲ್ಕು ಜನ. ಹಿಂಬಾಗಿಲಿನಿಂದ ಹೋಗಬಹುದಿತ್ತು... ಹೋದರೆ ದಾಖಲೆ ತಿದ್ದುವ ಮೋಕ್ಷಿತಾಳನ್ನು ಹುಡುಕಿಕೊಂಡು ಹೋಗುತ್ತಾರೆ. ಬಾಗಿಲು ತೆರೆದೇ ಇಟ್ಟಿದ್ದೇನೆ. ಯತಿನ್ ಬಂದರೆ ಕೂರಲು ಹೇಳಬೇಕು, ಅವನ ಕೈಯೂ ನನ್ನ ಸೈನಿನಿಂದಲೇ ಹೋದದ್ದು. ಯತಿನ್ ಮೊದಲು ಇಳಿದ. ಎಡಗೈಯಲ್ಲಿ —