ಅಡುಗೆಮನೆ ಬಾಗಿಲಿನ ಒಂಬತ್ತು ಗೀಟುಗಳು

ಅಮ್ಮಾ,

ನಿನ್ನ ಊರಿನ ಕೋಟೆ ಚೆನ್ನಾಗಿದೆ ಎಂದಷ್ಟೇ ಬರೆದು, ಈ ವಿಷಯ ತಿಳಿಸದೆ ಮುಗಿಸೋಣ ಎಂದುಕೊಂಡಿದ್ದೆ. ಪ್ರಾಗ್‌ನಿಂದ ಬೆಳಗಿನ ಬಸ್ಸು ಹಿಡಿದು ನಿನ್ನ ಊರಿಗೆ ಬಂದೆ. ಗ್ರಂಥಾಲಯ ಮಾಡುತ್ತೇವೆಂದು ಪುರಸಭೆ ಕೊಂಡ ನಿನ್ನ ತವರುಮನೆ ಈಗ ಚಿತ್ರಹಿಂಸೆಯ ಮ್ಯೂಸಿಯಂ. ನೀನು ನೋಡಿಕೊಂಡು ಬಾ ಎಂದಿದ್ದ ಅಡುಗೆಮನೆಯ ಬಾಗಿಲು ಗಾಜಿನ ಹಿಂದೆ ಭದ್ರವಾಗಿದೆ. ನಿನ್ನ ಪ್ರತಿ ಹುಟ್ಟುಹಬ್ಬಕ್ಕೂ ಅಜ್ಜ ನಿನ್ನ ಎತ್ತರ ಅಳೆದು ಚಾಕುವಿನಲ್ಲಿ ಕೊರೆದ ಒಂಬತ್ತು ಗೀಟುಗಳೂ ಇವೆ.

"ಒಂದೊಂದು ಗೀಟೂ ಇಲ್ಲಿ ಉರುಳಿದ ಒಂದೊಂದು ತಲೆ," ಎಂದ ಗೈಡ್ ಓತಾಕರ್. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು.

"ಅದು ನಮ್ಮಮ್ಮನ ಎತ್ತರ ಕಣಪ್ಪ," ಎಂದೆ.

"ಮೆಲ್ಲಗೆ ಮಾತಾಡಿ ಅಕ್ಕಾ! ತಲೆ ಬಿತ್ತು ಅಂದ್ರೆ ಜನ ಟಿಕೆಟ್ ತಗೋತಾರೆ. ಮಗು ಬೆಳೀತು ಅಂದ್ರೆ ಯಾರು ಬರ್ತಾರೆ?"

ವಾದ ಬಿಟ್ಟು ಗುಂಪಿನ ಹಿಂದೆ ಮುಂದಿನ ಕೋಣೆಗೆ ನಡೆದೆ. ಅದು ಸೌಜನ್ಯವೋ ಹೇಡಿತನವೋ, ಇನ್ನೂ ಗೊತ್ತಾಗಿಲ್ಲ. ಹೊರಡುವಾಗ ಮಾತ್ರ ಅಭಿಪ್ರಾಯದ ಪುಸ್ತಕದಲ್ಲಿ ಬರೆದೆ: "ಒಂಬತ್ತು ತಲೆಗಳೂ ಒಬ್ಬಳವೇ. ಆಕೆ ಬ್ರ್ನೋದಲ್ಲಿ ಸುಖವಾಗಿದ್ದಾಳೆ."

ಕಲ್ಲುಹಾಸಿನ ಮೇಲೆ ನಡೆದು ನನ್ನ ಮಂಡಿ ಊದಿದೆ. ನೀನು ಬಿ.ಪಿ. ಮಾತ್ರೆ ತಪ್ಪಿಸಬೇಡ. ಬಸ್ಸು ಬಂತು.

ನಿನ್ನ ಯಿತ್ಕಾ

ಈ ಪತ್ರವನ್ನು ನಾನು ಅಂಚೆಗೆ ಹಾಕುವುದು ಜೂನ್ ಹನ್ನೆರಡಕ್ಕೆ, ಅಜ್ಜ ನಿನ್ನನ್ನು ಆ ಬಾಗಿಲಿಗೆ ಒರಗಿಸಿ ನಿಲ್ಲಿಸುತ್ತಿದ್ದ ದಿನ.